ಕಲ್ಲಿನ ಅಕ್ಷರಕ್ಕೆ ಕಿರುಗುರುತು

ಕೊಡಂಬಲದ ಕಡೆ ಬಂದವರು ಹುಮನಾಬಾದಿಗೆ ಹತ್ತಿರದ ಜಲಸಂಗ್ವಿಗೂ ಹೋಗಿ ಬರಬೇಕು. ಅಲ್ಲಿನ ದೇವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಫಲಕದ ಮೇಲೆ ಬರೆಯುತ್ತ ನಿಂತಿದ್ದಾಳೆ. ಬರೆದಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಕಲ್ಯಾಣ ಚಾಲುಕ್ಯರ ಈ ಸೀಮೆಯ ಶಾಸನಗಳನ್ನು ಕಂಪ್ಯೂಟರಿಗೆ ಏರಿಸುವವರಲ್ಲಿ ನನ್ನದೊಂದು ಕೋರಿಕೆ: ಕಲ್ಲು ಓದುವಾಗ ಉದ್ದುದ್ದ ಟ್ಯಾಗ್ ಟೈಪ್ ಮಾಡಬೇಡಿ. ಕಿರುಗುರುತು ಹಾಕಿ ಮುಂದೆ ಸಾಗಿ, ಉಳಿದದ್ದನ್ನು ಟ್ಯಾಗುಗಳ ರೂಪ ಬದಲಿಸುವ ಎಕ್ಸ್‌ಎಸ್‌ಎಲ್‌ಟಿ ನೋಡಿಕೊಳ್ಳಲಿ.

ಶಾಸನಪಾಠಕ್ಕೆ ಹಲವು ದೇಶಗಳ ವಿದ್ವಾಂಸರು ಬಳಸುವ ಎಕ್ಸ್‌ಎಂಎಲ್ ರೂಪ ಎಪಿಡಾಕ್. ಅಳಿದ ಅಕ್ಷರವನ್ನು ಊಹಿಸಿ ತುಂಬಿದರೆ ಅಲ್ಲಿ ‘ಸಪ್ಲೈಡ್’ ಟ್ಯಾಗ್, ಅದಕ್ಕೆ ‘ರೀಸನ್’ ಎಂಬ ಆಟ್ರಿಬ್ಯೂಟ್, ಅದರೊಳಗೆ ‘ಲಾಸ್ಟ್’. ಒಂದಕ್ಷರಕ್ಕೆ ಇಷ್ಟೆಲ್ಲ ಬರೆಯುತ್ತ ಕೂತರೆ ಕಣ್ಣು ಪಡಿಯಚ್ಚಿನಿಂದ ಕದಲುತ್ತದೆ. ಟ್ಯಾಗಿನ ಹೆಸರು ಕನ್ನಡ ಲಿಪಿಯಲ್ಲಿರಲು 1998ರ ಎಕ್ಸ್‌ಎಂಎಲ್ ನಿಯಮದಲ್ಲೇ ಅವಕಾಶವಿದೆ. ಆದ್ದರಿಂದ ಅಳಿದದ್ದಕ್ಕೆ ‘ಅ’ ಎಂಬ ಕಿರುಗುರುತೇ ಸಾಕು. ಚಾಲುಕ್ಯ ಪ್ರಶಸ್ತಿಯ ‘ಸಮಸ್ತಭುವನಾಶ್ರಯ’ದಲ್ಲಿ ಒಂದಕ್ಷರ ಚಕ್ಕೆ ಎದ್ದಿದೆ ಎನ್ನಿ: ಸಮಸ್ತಭುವ<ಅ>ನಾ</ಅ>ಶ್ರಯ ಎಂದರೆ ಮುಗಿಯಿತು.

ಈ ಗುರುತುಗಳನ್ನು ಎಪಿಡಾಕ್‌ಗೆ ತಿರುಗಿಸುವ ಎಕ್ಸ್‌ಎಸ್‌ಎಲ್‌ಟಿ ಸ್ಟೈಲ್‌ಶೀಟಿನ ಮೊದಲ ಟೆಂಪ್ಲೇಟ್ ಎಲ್ಲವನ್ನೂ ಇದ್ದಂತೆಯೇ ನಕಲು ಮಾಡಬೇಕು. ಆಮೇಲೆ ಒಂದೊಂದು ಗುರುತಿಗೆ ಒಂದೊಂದು ಟೆಂಪ್ಲೇಟ್. ನನಗೆ ತುಂಬ ಇಷ್ಟವಾದದ್ದು ಸಾಲಿನದು. ಕಲ್ಲು ಕಡೆಯುವವನು ಪದ ಮುಗಿಯಿತೇ ಎಂದು ಕಾಯುವುದಿಲ್ಲ, ಅಂಚು ಬಂದರೆ ಮುಂದಿನ ಸಾಲಿಗೆ ಇಳಿಯುತ್ತಾನೆ. ಪದ ಮುಗಿದಲ್ಲಿ <ಸಾ/>, ಪದ ಒಡೆದಲ್ಲಿ <ಸೇ/> ಎಂದಿಟ್ಟರೆ ಎರಡೂ ಎಪಿಡಾಕ್‌ನ ‘ಎಲ್‌ಬಿ’ ಆಗುತ್ತವೆ. ಎರಡನೆಯದಕ್ಕೆ ಮಾತ್ರ ‘ಬ್ರೇಕ್’ ಆಟ್ರಿಬ್ಯೂಟಿನಲ್ಲಿ ‘ನೋ’ ಸೇರುತ್ತದೆ. ಸಾಲಿನ ಸಂಖ್ಯೆಯನ್ನು ಟೆಂಪ್ಲೇಟೇ ಎಣಿಸಿ ಹಾಕುತ್ತದೆ. ಬಿಟ್ಟುಹೋದ ಸಾಲೊಂದು ಆಮೇಲೆ ಸಿಕ್ಕರೂ ಕೈಯಿಂದ ಸಂಖ್ಯೆ ತಿದ್ದಬೇಕಿಲ್ಲ.

ಕಷ್ಟವಿರುವುದು ಗುಣಿತಾಕ್ಷರದಲ್ಲಿ. ‘ನಿ’ಯಲ್ಲಿ ನಕಾರ ಉಳಿದು ಗುಡಿಸು ಮಾತ್ರ ಸವೆದಿರುತ್ತದೆ. ಗುಡಿಸಿಗಷ್ಟೇ ಟ್ಯಾಗ್ ಹಾಕಿದರೆ ಅಕ್ಷರ ಒಡೆದು ತೆರೆಯ ಮೇಲೆ ಚುಕ್ಕಿಗಳ ವೃತ್ತ ಮೂಡುತ್ತದೆ. ಇಡೀ ಅಕ್ಷರ ಅಳಿದಿದೆ ಎಂದರೆ ಕಲ್ಲಿನಲ್ಲಿ ಕಾಣುತ್ತಿರುವುದನ್ನೇ ಅಲ್ಲಗಳೆದಂತೆ. ಇದಕ್ಕೆ <ಗು>ನಿ</ಗು> ಎಂದು ಬೇರೆಯೇ ಗುರುತಿರಲಿ. ಅದು ‘ಅನ್‌ಕ್ಲಿಯರ್’ ಆಗಬೇಕೋ, ಜೊತೆಗೊಂದು ಟಿಪ್ಪಣಿ ಬೇಕೋ ಎಂಬುದನ್ನು ಶಾಸನ ಬಲ್ಲವರು ಕೂತು ತೀರ್ಮಾನಿಸಲಿ. ಟೆಂಪ್ಲೇಟ್ ಒಂದನ್ನು ಬದಲಿಸಿ ಮತ್ತೆ ಓಡಿಸಿದರೆ ಆ ತೀರ್ಮಾನ ಎಲ್ಲ ಶಾಸನಗಳಿಗೂ ತಲುಪುತ್ತದೆ. ಕಿರುಗುರುತಿನ ಕಡತವೇ ಮೂಲಪ್ರತಿ. ಪಾಠದ ತಿದ್ದುಪಡಿ ಏನಿದ್ದರೂ ಅಲ್ಲೇ ಮಾಡಿ, ಎಪಿಡಾಕ್ ಪ್ರತಿಯಲ್ಲಿ ಕೈಯಾಡಿಸಬೇಡಿ.