ಮುಳ್ಳು ಬಿದ್ದ ಕಡೆ ಹಾಡು

"ಅದು ಕೆಟ್ಟ ಪ್ಲೇಟು ಕಣಪ್ಪ. ಒಂದ್ಸಲ ಹೇಳಿದ್ದನ್ನ ಇನ್ನೊಂದ್ಸಲ ಹೇಳಲ್ಲ."

ಯಸಳೂರಿನಿಂದ ಹೆತ್ತೂರಿನ ಕಡೆಗೆ ಹೋಗುವಾಗ ರಸ್ತೆಯಿಂದ ಒಳಗೆ ಸರಿದ ಒಂದು ತೋಟದ ಮನೆ. ಅಟ್ಟದಿಂದ ಇಳಿಸಿದ ಟ್ರಂಕಿನ ಮುಂದೆ ಕೂತಿದ್ದಾಗ ಆ ಮನೆಯ ಅಜ್ಜಿ ಹೇಳಿದ ಮಾತು ಇದು. ಟ್ರಂಕಿನ ತುಂಬ ಗ್ರಾಮಫೋನ್ ಪ್ಲೇಟುಗಳು: ನಾಟಕದ ಹಾಡು, ದೇವರನಾಮ, ಹಿಂದೂಸ್ತಾನಿ, ನಡುನಡುವೆ ಇಂಗ್ಲಿಷ್ ಬ್ಯಾಂಡು. ಅಜ್ಜಿ ಬೇರೆ ಎತ್ತಿಟ್ಟಿದ್ದು ಒಂದು ಕುದುರೆ ಪಂದ್ಯದ ಪ್ಲೇಟು. ಚಾವಿ ಕೊಟ್ಟು ಮುಳ್ಳು ಇಟ್ಟೆ. ಒಂದು ಕುದುರೆ ಗೆದ್ದಿತು. ಎತ್ತಿ ಮತ್ತೆ ಇಟ್ಟೆ. ಬೇರೆ ಕುದುರೆ ಗೆದ್ದಿತು. ಆ ಮಧ್ಯಾಹ್ನ ಅದನ್ನು ಹನ್ನೊಂದು ಸಲ ಹಾಕಿದೆವು.

ಪ್ಲೇಟು ಕೆಟ್ಟಿರಲಿಲ್ಲ. ಮಾಮೂಲಿ ಪ್ಲೇಟಿನ ಒಂದು ಮಗ್ಗುಲಲ್ಲಿ ನೂರಾರು ಗೀರುಗಳಿದ್ದಂತೆ ಕಾಣುತ್ತದೆ, ಇರುವುದು ಒಂದೇ. ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿನ ಚೀಟಿಯವರೆಗೆ ಬರುವ ಒಂದೇ ಉದ್ದನೆಯ ಗೀರು. ಕೆಲವು ಪ್ಲೇಟುಗಳಲ್ಲಿ ಮಾತ್ರ ಎರಡು, ಮೂರು, ಇನ್ನೂ ಹೆಚ್ಚು ಗೀರುಗಳು ಜಡೆಯ ಕಾಲುಗಳಂತೆ ಒಂದರ ಪಕ್ಕ ಒಂದು ಓಡುತ್ತವೆ. ಜಡೆಯಲ್ಲಿ ಕಾಲುಗಳು ಒಂದನ್ನೊಂದು ದಾಟುತ್ತವೆ, ಇಲ್ಲಿ ದಾಟುವಂತಿಲ್ಲ, ಅಷ್ಟೇ ವ್ಯತ್ಯಾಸ. ಅಂಚಿನಲ್ಲಿ ಮುಳ್ಳು ಯಾವ ಗೀರಿನ ಬಾಯಿಗೆ ಬೀಳುತ್ತದೋ ಆ ಹಾಡು ನಿಮ್ಮದು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇಂಥವು ಹೊರಗೆ ಬಂದಿದ್ದವು. ಒಗಟಿನ ಪ್ಲೇಟು ಎಂದೇ ಅವನ್ನು ಮಾರುತ್ತಿದ್ದರು.

ಸಂತೆಯಲ್ಲೋ ಗುಜರಿಯಲ್ಲೋ ಪ್ಲೇಟಿನ ಕಟ್ಟು ಸಿಕ್ಕಿದರೆ ಹೊಸಬರು ಮೊದಲು ಚೀಟಿ ಓದುತ್ತಾರೆ. ಚೀಟಿ ಆಮೇಲೆ ಓದಿ, ಮೊದಲು ಅಂಚು ನೋಡಿ. ಟಾರ್ಚನ್ನು ಓರೆಯಾಗಿ ಹಿಡಿದು ಪ್ಲೇಟನ್ನು ನಿಧಾನವಾಗಿ ತಿರುಗಿಸಿ. ಗೀರು ಶುರುವಾಗುವ ಜಾಗ ಒಂದೇ ಕಂಡರೆ ಮಾಮೂಲಿ ಪ್ಲೇಟು. ಸುತ್ತಲೂ ಸರಿಸುಮಾರು ಸಮದೂರದಲ್ಲಿ ಮೂರು ಕಡೆ ಶುರುವಾದರೆ ಮೂರು ಗೀರು. ಅಂಚು ಸವೆದು ಕಾಣದಿದ್ದರೆ ಇನ್ನೊಂದು ದಾರಿ ಇದೆ, ನಾನು ಹೆಚ್ಚು ನಂಬುವುದು ಅದನ್ನೇ. ನಿಮಿಷಕ್ಕೆ 78 ಸುತ್ತು, ಮೂರು ನಿಮಿಷದ ಹಾಡು ಎಂದರೆ 234 ಸುತ್ತು. ಹತ್ತು ಇಂಚಿನ ಪ್ಲೇಟಿನಲ್ಲಿ ಅಷ್ಟೂ ಸುತ್ತು ಸುಮಾರು ಮೂರು ಇಂಚು ಅಗಲದಲ್ಲಿ ಹಿಡಿಯಬೇಕು. ಹತ್ತು ಸುತ್ತಿಗೆ ಮುಳ್ಳು ಒಳಗೆ ಸರಿಯುವುದು ಮೂರು ಮಿಲಿಮೀಟರಿನಷ್ಟು. ಮೂರು ಗೀರಿನ ಪ್ಲೇಟಾದರೆ ಅದೇ ಹತ್ತು ಸುತ್ತಿಗೆ, ಅಂದರೆ ಎಂಟು ಸೆಕೆಂಡಿನೊಳಗೆ, ಹತ್ತಿರ ಹತ್ತಿರ ಒಂದು ಸೆಂಟಿಮೀಟರು ಜಾರುತ್ತದೆ. ಒಮ್ಮೆ ಕಂಡರೆ ಆ ಜಾರುವ ನಡಿಗೆಯನ್ನು ಕಣ್ಣು ಮರೆಯುವುದಿಲ್ಲ.

ಈ ಲೆಕ್ಕದೊಳಗೇ ಅದರ ರಸವೂ ಇದೆ. ಜಾಗ ಹಂಚಿಕೊಂಡರೆ ಕಾಲವನ್ನೂ ಹಂಚಿಕೊಳ್ಳಬೇಕು: ಎರಡು ಗೀರಿದ್ದರೆ ತಲಾ ಒಂದೂವರೆ ನಿಮಿಷ, ಮೂರಿದ್ದರೆ ಒಂದೊಂದು ನಿಮಿಷ. ನಿಮಿಷದ ಬೆಲೆ ಗೊತ್ತಾಗಲು ಮೊದಲು ಮಾಮೂಲಿ ಪ್ಲೇಟುಗಳನ್ನು ಮನಸ್ಸಿಟ್ಟು ಕೇಳಿ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡು ಮುದ್ರಿಸಿದ ಗೌಹರ್ ಜಾನ್, ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಯಲ್ಲಿ ತನ್ನ ಹೆಸರು ಹೇಳುವಷ್ಟು ಹೊತ್ತನ್ನೂ ಉಳಿಸಿಕೊಳ್ಳುತ್ತಿದ್ದರು. ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ ತೀರಿಕೊಂಡದ್ದೂ ಅಲ್ಲೇ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು ಸಿಕ್ಕಿದರೆ ಬಿಡಬೇಡಿ. ಚೀಟಿಯ ಮೇಲೆ ಗಾಂಧಾರಿ ಎಂದಿರುತ್ತದೆ, ದನಿಯೂ ಆಗ ತೆಳು. ಇವರು ಕಾಲವನ್ನು ಹೇಗೆ ಹಿಡಿದರು ಎಂದು ಕಿವಿಗೆ ಹತ್ತಿದ ಮೇಲೆ ಪಂದ್ಯದ ಪ್ಲೇಟಿಗೆ ಬನ್ನಿ. ಒಂದೇ ನಿಮಿಷದಲ್ಲಿ ಕುದುರೆಗಳು ಹೊರಡಬೇಕು, ಮುಂದೆ ಹಿಂದೆ ಆಗಬೇಕು, ಒಂದು ಗೆಲ್ಲಬೇಕು. ಎಲ್ಲ ಗೀರುಗಳಲ್ಲೂ ಮೊದಲ ಅರ್ಧ ಒಂದೇ ತೆರನಾಗಿ ಕೇಳಬೇಕು, ಇಲ್ಲದಿದ್ದರೆ ಗುಟ್ಟು ಬಯಲಾಗುತ್ತದೆ. ಮೇಣದ ಮೇಲೆ ನೇರವಾಗಿ ಕೊರೆಯುತ್ತಿದ್ದ ಕಾಲದಲ್ಲಿ ಆ ವಿವರಣೆಕಾರ ಪ್ರತಿ ಗೀರಿಗೂ ಅದೇ ಮಾತನ್ನು ಅದೇ ಉಸಿರಿನಲ್ಲಿ ಮತ್ತೆ ಹೇಳಬೇಕಿತ್ತು. ಕೊರೆಯುವವನು ಎರಡನೆಯ ಗೀರನ್ನು ಮೊದಲನೆಯದರ ಸಾಲುಗಳ ನಡುವೆ ಇಳಿಸಬೇಕಿತ್ತು. ಕೂದಲೆಳೆಯಷ್ಟು ತಪ್ಪಿದರೂ ಮೇಣದ ತಟ್ಟೆ ಪೂರ್ತಿ ಹಾಳು. ಆಟದ ಸಾಮಾನೆಂದು ಮಾರಿದ ವಸ್ತುವಿನ ಹಿಂದೆ ಇಷ್ಟು ಗಟ್ಟಿ ಕೈಗಳಿದ್ದವು.

ಆಮೇಲೂ ಈ ಚಮತ್ಕಾರ ನಿಲ್ಲಲಿಲ್ಲ. 1960ರ ಹೊತ್ತಿಗೆ ಅಮೆರಿಕದಲ್ಲಿ ಬಂದ ಮಾತಾಡುವ ಗೊಂಬೆ ಚ್ಯಾಟಿ ಕ್ಯಾಥಿಯ ಹೊಟ್ಟೆಯೊಳಗೆ ಇಂಥದ್ದೇ ಪುಟ್ಟ ತಟ್ಟೆ ಇತ್ತು. ದಾರ ಎಳೆದಾಗ ಹನ್ನೊಂದರಲ್ಲಿ ಒಂದು ಮಾತು. 1973ರಲ್ಲಿ ಇಂಗ್ಲೆಂಡಿನ ಮಾಂಟಿ ಪೈಥಾನ್ ಹಾಸ್ಯತಂಡ ತನ್ನ ಎಲ್‌ಪಿಯ ಒಂದು ಮಗ್ಗುಲಲ್ಲಿ ಎರಡು ಗೀರು ಕೊರೆಸಿ, ಎರಡೂ ಮಗ್ಗುಲಿಗೆ ಎರಡನೆಯದು ಎಂದೇ ಚೀಟಿ ಅಂಟಿಸಿತು. ಗೀರಿನ ಗುಟ್ಟನ್ನು ಕೊಂಡವರಿಗೆ ಹೇಳಲಿಲ್ಲ. ಒಬ್ಬೊಬ್ಬರೇ ಮನೆಯಲ್ಲಿ ಬೆಚ್ಚಿಬಿದ್ದು ಕಂಡುಕೊಳ್ಳಲಿ ಎಂದು ಬಿಟ್ಟರು. ನನಗೆ ಇವೆಲ್ಲಕ್ಕಿಂತ ಅದೇ ಇಷ್ಟ.

ಹಾಗಾಗಿ ಗೀರುಗಳಿಗೆ ಗುರುತು ಹಾಕಬೇಡಿ. ಅಂಚಿನಲ್ಲಿ ಸೀಸದಕಡ್ಡಿಯಿಂದ ಒಂದು, ಎರಡು, ಮೂರು ಎಂದು ಬರೆದುಕೊಂಡು ಬೇಕಾದ್ದನ್ನೇ ಹಾಕುವ ಸಂಗ್ರಾಹಕರಿದ್ದಾರೆ. ಬೇಕಾದ ಹಾಡು ಬೇಕಾದಾಗ ಕೇಳುವುದಕ್ಕೆ ಟ್ರಂಕಿನ ತುಂಬ ಬೇರೆ ಪ್ಲೇಟುಗಳಿವೆ. ಇದನ್ನು ನಾಲ್ಕು ಜನ ಕೂಡಿದಾಗ ತೆಗೆಯಿರಿ, ಮುಳ್ಳು ಇಡುವ ಕೆಲಸವನ್ನು ಮಕ್ಕಳಿಗೆ ಕೊಡಿ.

ನಮ್ಮ ಕಡೆಯ ಮಳೆಯ ಬಗ್ಗೆ ಎರಡು ಮಾತು. ಜೂನ್ ಹಿಡಿದರೆ ಯಸಳೂರಿನಲ್ಲಿ ಚಪ್ಪಲಿಗೂ ಬೂಷ್ಟು, ಪ್ಲೇಟಿಗೂ ಬೂಷ್ಟು. ಬೂಷ್ಟು ಗೀರಿನೊಳಗೆ ಬೇರು ಬಿಟ್ಟರೆ ಮುಳ್ಳು ಪಕ್ಕದ ಗೀರಿಗೆ ಹಾರುತ್ತದೆ, ಪಂದ್ಯದ ನಡುವೆ ಕುದುರೆ ಬದಲಾಗುತ್ತದೆ. ಒರೆಸಲು ಸ್ಪಿರಿಟ್ ಮಾತ್ರ ಮುಟ್ಟಬೇಡಿ: ಈ ಪ್ಲೇಟುಗಳ ಜೀವ ಅರಗು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ತಣ್ಣೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಗೀರಿನ ಗುಂಟ ಒರೆಸಿ, ಚೀಟಿ ನೆನೆಯದಂತೆ ನೋಡಿಕೊಂಡು, ನೆರಳಲ್ಲಿ ಆರಿಸಿ. ಬಿಸಿಲಿಗಿಟ್ಟರೆ ಡೊಂಕಾಗುತ್ತದೆ. ಒಂದರ ಮೇಲೊಂದು ಪೇರಿಸದೆ, ಪುಸ್ತಕದ ಹಾಗೆ ನಿಲ್ಲಿಸಿಡಿ. ಉಕ್ಕಿನ ಮುಳ್ಳನ್ನು ಪ್ರತಿ ಸಲವೂ ಬದಲಿಸಿ. ಸವೆದ ಮುಳ್ಳು ಎರಡು ಗೀರುಗಳ ನಡುವಿನ ಗೋಡೆಯನ್ನೇ ಕೆರೆದುಹಾಕುತ್ತದೆ.

ಆ ಮಧ್ಯಾಹ್ನ ನನ್ನ ಹತ್ತಿರ ಹನ್ನೆರಡು ಮುಳ್ಳುಗಳಿದ್ದವು. ಗೀರುಗಳ ವಿಷಯ ಬಿಡಿಸಿ ಹೇಳಿದಾಗ ಅಜ್ಜಿ ಟಾರ್ಚು ಇಸಿದುಕೊಂಡು ತಾವೇ ಅಂಚು ನೋಡಿದರು. ಆಮೇಲೆ ಮೊರವನ್ನೂ ಅದರಲ್ಲಿದ್ದ ಮೆಣಸನ್ನೂ ಪಕ್ಕಕ್ಕೆ ಸರಿಸಿ, "ಅವನು ಮೂರನೇದಾಗಿ ಕೂಗ್ತಾನಲ್ಲ, ಆ ಕುದುರೆ ನಂದು. ಅದು ಗೆಲ್ಲೋ ತನಕ ಹಾಕು" ಅಂದರು. ಗೆದ್ದದ್ದು ಹನ್ನೊಂದನೆಯ ಸಲ.