ಹಿಟ್ಟು ಉಣ್ಣುವ ಊರಿನ ಕತೆ

ಕರಾವಳಿಯ ಕತೆಗಾರರೊಬ್ಬರು ಗುಬ್ಬಿ ಕಡೆಯ ಹಳ್ಳಿಯೊಂದರ ಕತೆ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಮಧ್ಯಾಹ್ನ ಹೊಲದಿಂದ ಬಂದ ಮಗನನ್ನು ತಾಯಿ ‘ಹಿಟ್ಟು ಉಣ್ತೀಯೇನ್ಲಾ?’ ಎಂದು ಕೇಳುತ್ತಾಳೆ. ಹಸ್ತಪ್ರತಿ ಓದಿದ ಗೆಳೆಯರು, ಹಿಟ್ಟನ್ನು ಯಾರಾದರೂ ಉಣ್ಣುತ್ತಾರೆಯೇ ಎಂದು ಅದನ್ನು ‘ಊಟ ಮಾಡ್ತೀಯಾ?’ ಎಂದು ತಿದ್ದುತ್ತಾರೆ. ವಾಕ್ಯ ಸರಿಯಾಯಿತು, ಮನೆ ಮಾಯವಾಯಿತು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಹಿಟ್ಟು ಎಂದರೆ ರಾಗಿಮುದ್ದೆ. ಡಬ್ಬದಲ್ಲಿರುವುದೂ ಹಿಟ್ಟೇ, ತಟ್ಟೆಯಲ್ಲಿರುವುದೂ ಹಿಟ್ಟೇ. ಯಾವುದೆಂದು ತಿಳಿಸುವುದು ‘ಉಣ್ಣು’ ಎಂಬ ಕ್ರಿಯಾಪದ. ಅನ್ನ ಹಬ್ಬಕ್ಕೋ ನೆಂಟರಿಗೋ ಮೀಸಲಾಗಿದ್ದ ಕಾಲದ ಕತೆಯಾದರೆ, ಆ ಒಂದು ಪದದಲ್ಲಿ ಮನೆಯ ಸ್ಥಿತಿಯೇ ಇತ್ತು.

ಇಲ್ಲಿ ಕೂತು ಇಂಗ್ಲೆಂಡಿನ ಕತೆ ಬರೆಯುವವರಿಗೂ ಇದೇ ಪಾಡು. ಉತ್ತರ ಇಂಗ್ಲೆಂಡಿನ ದುಡಿಯುವ ವರ್ಗದ ಅನೇಕ ಮನೆಗಳಲ್ಲಿ ‘ಟೀ’ ಎಂದರೆ ಸಂಜೆಯ ಊಟ, ‘ಡಿನ್ನರ್’ ಎಂದರೆ ಮಧ್ಯಾಹ್ನದ್ದು. ಟೀಗೆ ಕರೆದರು ಎಂದು ಬರೆದು ಕಪ್ಪು ಬಸಿ ಇಟ್ಟರೆ ಪಾತ್ರ ಉಪವಾಸ ಬೀಳುತ್ತದೆ. ‘ಬ್ಲಡಿ’, ‘ಮೇಟ್’ ಎಂದು ಸಾಲಿಗೊಂದು ಉದುರಿಸಿದರೆ ಯಾರೂ ಲಂಡನ್ನಿನವರಾಗುವುದಿಲ್ಲ. ಗೊತ್ತಿಲ್ಲದ ಪದಕ್ಕೆ ನಾವು ನಿಘಂಟು ತೆರೆಯುತ್ತೇವೆ. ಗೊತ್ತಿದೆ ಎಂದುಕೊಂಡ ಪದವೇ ಎಡವಿಸುವುದು.

ಕೆರೆಯ ಮಾತನ್ನೇ ನೋಡಿ. ಕುಂದಾಪುರದವರಿಗೆ ಕೋಡಿ ಎಂದರೆ ಕಡಲ ಬದಿಯ ಊರು. ಕುಣಿಗಲ್ಲಿನವರಿಗೆ ಅದು ತುಂಬಿದ ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ಜಾಗ. ‘ಕೆರೆ ಕೋಡಿ ಬಿತ್ತು’ ಎಂಬುದನ್ನು ಹೊರಗಿನವರು ಅನಾಹುತವೆಂದು ತಿಳಿದು ಕತೆಯಲ್ಲಿ ಜನರನ್ನು ಓಡಿಸಿಬಿಡಬಹುದು. ಊರವರಾದರೋ ಬಾಗಿನ ಹಿಡಿದು ನೋಡಲು ಹೋಗುತ್ತಾರೆ. ಅನಾಹುತಕ್ಕೆ ಬೇರೆ ಮಾತಿದೆ: ಏರಿ ಒಡೆಯುವುದು. ಗುಬ್ಬಿಯ ತೆಂಗಿನ ತೋಟದವರು ‘ಅಟ್ಟದಲ್ಲಿ ಕಾಯಿ ಐತೆ’ ಎಂದರೆ ಅದು ಸಾಮಾನಿನ ಪಟ್ಟಿಯಲ್ಲ. ಕಾಯಿ ಉಂಡೆ ಕೊಬ್ಬರಿಯಾಗಲು ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂರಬೇಕು. ಮದುವೆಯ ಖರ್ಚು, ತೀರಿಸಬೇಕಾದ ಸಾಲ ಎಲ್ಲವೂ ಅದರ ಜೊತೆ ಅಲ್ಲೇ ಕಾಯುತ್ತಿರುತ್ತವೆ.

ಇದನ್ನೆಲ್ಲ ಬಿಟ್ಟು ನಮ್ಮ ಕತೆಗಾರರು ಹಿಡಿಯುವುದು ಸಿನಿಮಾ ಕಲಿಸಿದ ರೆಡಿಮೇಡ್ ಹಳ್ಳಿ ಮಾತನ್ನು. ಹಕಾರ ಕಿತ್ತುಹಾಕಿ, ಕೊನೆಗೊಂದು ‘ಲಾ’ ಸೇರಿಸಿದರೆ ಮುಗಿಯಿತು. ಆದರೆ ತುಮಕೂರು ಜಿಲ್ಲೆಯ ಮಾತು ಒಂದೇ ಅಲ್ಲ. ಕುಣಿಗಲ್ ಒಂದು ಕಡೆ ನಾಗಮಂಗಲಕ್ಕೆ, ಇನ್ನೊಂದು ಕಡೆ ಮಾಗಡಿಗೆ ತಾಗಿಕೊಂಡಿದೆ. ಪಾವಗಡದ ಕನ್ನಡದ ಪಕ್ಕದಲ್ಲೇ ತೆಲುಗು ಇದೆ. ಇನ್ನು ‘ಲಾ’ ಎಲ್ಲರೂ ಎಲ್ಲರಿಗೂ ಹಚ್ಚುವ ಪ್ರತ್ಯಯವೂ ಅಲ್ಲ. ತಾಯಿ ಮಗನಿಗೆ ಅಂದರೆ ಅದು ಸಲಿಗೆ. ಜಮೀನ್ದಾರ ತನ್ನ ವಯಸ್ಸಿನ ಆಳಿಗೆ ಅಂದರೆ ಅದು ಜಾತಿ. ಆಳು ತಿರುಗಿ ‘ಲಾ’ ಅನ್ನುವಂತಿರಲಿಲ್ಲ, ‘ಬುದ್ಧೀ’ ಅನ್ನಬೇಕಿತ್ತು. ಈ ಎರಡು ಪದಗಳ ನಡುವಿನ ದೂರ ತಿಳಿಯದವರು ಹಳ್ಳಿಯ ಕತೆ ಬರೆದರೆ ಅಲ್ಲಿ ಬಣ್ಣ ಇರುತ್ತದೆ, ಭಯ ಇರುವುದಿಲ್ಲ.

ನನ್ನ ಮುಖ್ಯ ತಕರಾರು ಇನ್ನೊಂದಿದೆ. ಇಂಥ ಕತೆಗಳಲ್ಲಿ ನಿರೂಪಕ ಶುದ್ಧ ಗ್ರಾಂಥಿಕದಲ್ಲಿ ಮಾತಾಡುತ್ತಾನೆ, ಬಡವರು ಮಾತ್ರ ಆಡುಮಾತಿನಲ್ಲಿ. ಇದು ಕಂಪನಿ ನಾಟಕದ ಹಳೆಯ ಪದ್ಧತಿ. ರಾಜನಿಗೆ ಪುಸ್ತಕದ ಕನ್ನಡ, ಹಾಸ್ಯದ ಪಾತ್ರಕ್ಕೆ ಬೀದಿಯ ಕನ್ನಡ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ನಾಡನ್ನೇ ನಗಿಸಿದರು. ರಂಗದ ಮೇಲೆ ಆ ಕಳ್ಳ ರಾಜರನ್ನೂ ಮೀರಿಸಿದ, ಅದು ನಟನ ಶಕ್ತಿ. ಕಾಗದದ ಮೇಲೆ ಆ ನಟನಿಲ್ಲ, ಉಳಿಯುವುದು ಆಡುಮಾತು ನಗುವುದಕ್ಕೆ ಎಂಬ ಅಭ್ಯಾಸವಷ್ಟೇ.

ದೇವನೂರ ಮಹಾದೇವರ ‘ಕುಸುಮಬಾಲೆ’ ಮುರಿದದ್ದು ಈ ಮೆಟ್ಟಿಲನ್ನು. ಅಲ್ಲಿ ಪಾತ್ರಗಳಷ್ಟೇ ಅಲ್ಲ, ಕತೆ ಹೇಳುವ ದನಿಯೂ ನಂಜನಗೂಡು ಸೀಮೆಯದು. ಓದುಗನೇ ಆ ಊರಿಗೆ ಬಂದು ಭಾಷೆ ಕಲಿಯಬೇಕು. ಎಲ್ಲರೂ ಹಾಗೆಯೇ ಬರೆಯಬೇಕೆಂದಿಲ್ಲ, ಹೊರಗಿನವರು ಬರೆಯಬಾರದೆಂದೂ ಅಲ್ಲ. ಆದರೆ ಬರೆದ ಮೇಲೆ ಒಂದು ಪರೀಕ್ಷೆ ಮಾಡಬಹುದು. ಪಾತ್ರದ ಆಡುಮಾತನ್ನು ಶಿಷ್ಟ ಕನ್ನಡಕ್ಕೆ ಬದಲಿಸಿ ಓದಿ. ಏನೂ ಕಳೆದುಹೋಗಲಿಲ್ಲ ಎಂದರೆ ಅಲ್ಲಿದ್ದದ್ದು ಬರೀ ಒಗ್ಗರಣೆ.

ಆ ಕರಾವಳಿಯ ಕತೆಗಾರರು ‘ಹಿಟ್ಟು’ ಎಂಬುದನ್ನು ಹಾಗೇ ಉಳಿಸಲಿ. ಅಡಿಟಿಪ್ಪಣಿಯೂ ಬೇಡ. ತಾಯಿಯ ಕೈಗೊಂದು ಮುದ್ದೆ ತಿರುವುವ ಕೋಲು ಕೊಟ್ಟರೆ ಸಾಕು, ಮಂಗಳೂರಿನ ಓದುಗರಿಗೂ ಅರ್ಥವಾಗುತ್ತದೆ.