ಪದಗಣನೆ ಮತ್ತು ಪತ್ರಿಕಾಶೈಲಿ
1787-88ರಲ್ಲಿ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ‘ಪಬ್ಲಿಯಸ್’ ಎಂಬ ಗುಪ್ತನಾಮದಿಂದ ಪ್ರಕಟವಾದ ಫೆಡರಲಿಸ್ಟ್ ಲೇಖನಗಳ ಪೈಕಿ 12ರ ಕರ್ತೃತ್ವ ಬಹುಕಾಲ ವಿವಾದಗ್ರಸ್ತವಾಗಿತ್ತು. ಮೋಸ್ಟೆಲರ್ ಮತ್ತು ವ್ಯಾಲೆಸ್ ತಮ್ಮ 1964ರ ಗ್ರಂಥದಲ್ಲಿ ಅವು ಮ್ಯಾಡಿಸನ್‌ನವೆಂದು ನಿರ್ಣಯಿಸಿದರು. ಅವರು ಎಣಿಸಿದ್ದು ‘ಅಪಾನ್’ನಂತಹ ಕಿರುಪದಗಳನ್ನು. ಹ್ಯಾಮಿಲ್ಟನ್ ಸಾವಿರ ಪದಗಳಿಗೆ ಸುಮಾರು 3 ಬಾರಿ ಬಳಸುತ್ತಿದ್ದ ಈ ಪದ ಮ್ಯಾಡಿಸನ್‌ನಲ್ಲಿ ತೀರ ವಿರಳ. ವಿಷಯ ಬದಲಾದರೂ ಇಂತಹ ರೂಢಿ ಸುಲಭವಾಗಿ ಬದಲಾಗದು.

ಈ ವಿಧಾನವನ್ನು ಕನ್ನಡದ ಸಹಿಯಿಲ್ಲದ ಸಂಪಾದಕೀಯಗಳಿಗೆ ಯಥಾವತ್ತಾಗಿ ಅನ್ವಯಿಸಲಾಗದೆಂಬುದು ನಮ್ಮ ಅಭಿಮತ. ಇಲ್ಲಿ ವಿಭಕ್ತಿಪ್ರತ್ಯಯಗಳೂ ಊ, ಏ, ಓ ಮೊದಲಾದ ಅವ್ಯಯಗಳೂ ಪದಕ್ಕೆ ಅಂಟಿಕೊಂಡಿರುತ್ತವೆ. ಪದಗಳ ನಡುವಣ ತೆರಪನ್ನಷ್ಟೇ ನೋಡಿ ಎಣಿಸುವ ಗಣಕಕ್ಕೆ ಅವು ಪ್ರತ್ಯೇಕವಾಗಿ ಕಾಣವು. ಸಂಧಿ ಬಿಡಿಸಿ, ಪ್ರತ್ಯಯಗಳನ್ನು ಬೇರ್ಪಡಿಸಿದ ಬಳಿಕವೇ ಎಣಿಕೆ ಸಾರ್ಥಕ. ಮೇಲಾಗಿ, ಅಲ್ಲಿ ಸಂಭಾವ್ಯ ಕರ್ತೃಗಳು ಇಬ್ಬರೇ. ಇಲ್ಲಿ ಹಲವರು, ಜೊತೆಗೆ ಉಪಸಂಪಾದಕರ ತಿದ್ದುಗೆ. ವ್ಯಾಕರಣದ ಈ ಪೂರ್ವಸಿದ್ಧತೆಯಿಲ್ಲದೆ ನೀಡುವ ಕರ್ತೃನಿರ್ಣಯವನ್ನು ಸಂಶೋಧಕರು ಒಪ್ಪಬಾರದು.